ಸತ್ತ ಬ್ಯಾಟರಿಗೂ ಒಂದು ವಿಳಾಸ ಬೇಕು

ಸಕಲೇಶಪುರದ ಯಾವುದಾದರೂ ಗುಜರಿ ಅಂಗಡಿಗೆ ಎರಡು ಬ್ಯಾಟರಿ ಹಿಡಿದುಕೊಂಡು ಹೋಗಿ ನೋಡಿ. ಒಂದು ಹಳೇ ಇನ್ವರ್ಟರಿನ ಲೆಡ್ ಆ್ಯಸಿಡ್ ಬ್ಯಾಟರಿ. ಇನ್ನೊಂದು ಸೋಲಾರ್ ಬೀದಿದೀಪದಿಂದ ಬಿಚ್ಚಿದ ಲಿಥಿಯಂ ಪ್ಯಾಕ್. ಮೊದಲನೆಯದನ್ನು ಕಂಡ ತಕ್ಷಣ ಅಂಗಡಿಯವರ ಕೈ ತಕ್ಕಡಿ ಕಡೆ ಹೋಗುತ್ತೆ. ಅದರೊಳಗೆ ಸೀಸ ಇದೆ, ಸೀಸಕ್ಕೆ ಕೆಜಿ ಲೆಕ್ಕದಲ್ಲಿ ರೇಟ್ ಇದೆ, ಮುಂದೆ ಕೊಳ್ಳುವವರೂ ಇದ್ದಾರೆ. ಎರಡನೆಯದನ್ನು ಹಿಂದೆ ಮುಂದೆ ಮಗುಚಿ ನೋಡಿ, "ಇದಕ್ಕೇನೂ ಬರಲ್ಲ ಸಾರ್, ಬೇಕಾದ್ರೆ ಇಟ್ಟು ಹೋಗಿ" ಅಂತಾರೆ.

ಈ "ಇಟ್ಟು ಹೋಗಿ" ಅನ್ನೋ ಮಾತಿನ ಮೇಲೇ ನನ್ನ ತಕರಾರು. ಎಲ್ಲಿ ಇಟ್ಟು ಹೋಗೋದು? ರಟ್ಟು, ಹಳೇ ಪ್ಲಾಸ್ಟಿಕ್ ಕೊಡ, ಎಣ್ಣೆ ಡಬ್ಬಗಳ ಪಕ್ಕದಲ್ಲಿ, ಸೋರುವ ಶೀಟಿನ ಕೆಳಗೆ. ಎಷ್ಟು ದಿನ? ಯಾರಿಗೂ ಗೊತ್ತಿಲ್ಲ. ಅಲ್ಲಿಂದ ಮುಂದೆ ಯಾರು ಒಯ್ಯಬೇಕು? ಅದೂ ಗೊತ್ತಿಲ್ಲ. ನಮ್ಮ ದೇಶದಲ್ಲಿ ಬ್ಯಾಟರಿಗೆ ಕಾನೂನು ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ, ಕಾಗದದ ಮೇಲೆ ಓದಲು ಚೆನ್ನಾಗಿಯೇ ಇದೆ. ಆದರೆ ಆ ಕಾನೂನಿನ ಕಣ್ಣು ಒಂದು ಕಡೆ ಕಾರ್ಖಾನೆಯ ಗೇಟಿನ ಮೇಲೆ, ಇನ್ನೊಂದು ಕಡೆ ದೆಹಲಿಯ ಪೋರ್ಟಲ್ ಮೇಲೆ ನೆಟ್ಟಿದೆ. ಗುಜರಿ ಅಂಗಡಿಯ ಮೂಲೆಗೂ ಕಾರ್ಖಾನೆಯ ಗೇಟಿಗೂ ನಡುವೆ ಇರುವ ದಾರಿ ಯಾರ ಪಾಲಿಗೂ ಬಂದಿಲ್ಲ. ಸಕಲೇಶಪುರ, ಆಲೂರಿನಂಥ ಗುಡ್ಡಗಾಡಿನಲ್ಲಿ ಆ ದಾರಿ ತುಂಬಾ ಉದ್ದ.

ಇದನ್ನು ಓದುತ್ತಾ ನಿಮಗೆ "ಓಹ್, ಎಲೆಕ್ಟ್ರಿಕ್ ಗಾಡಿ ವಿರೋಧಿ ಬಂದ ನೋಡಪ್ಪಾ" ಅನ್ನಿಸಬಹುದು. ಹಾಗಿಲ್ಲ. ಬೆಂಗಳೂರಿನಲ್ಲಿ ಕೂತ ನಿಮಗಿಂತ ಹೆಚ್ಚಾಗಿ ಬ್ಯಾಟರಿ ಬೇಕಾಗಿರೋದು ಮಲೆನಾಡಿನವರಿಗೆ. ಮಳೆಗಾಲದಲ್ಲಿ ಒಂದು ಮರ ಲೈನಿನ ಮೇಲೆ ಬಿತ್ತು ಅಂದರೆ ಕರೆಂಟ್ ವಾಪಸ್ ಬರೋದು ನಾಳೆಯೋ ನಾಡಿದ್ದೋ, ಲೈನ್‌ಮನ್ ಯಾವ ಗುಡ್ಡ ಹತ್ತಿ ಇಳಿಯುತ್ತಿದ್ದಾನೋ ಅದರ ಮೇಲೆ ನಿಂತಿರುತ್ತೆ. ಆ ಎರಡು ದಿನ ಮನೆ ನಡೆಯೋದು ಬ್ಯಾಟರಿ ಮೇಲೆ. ಆನೆ ಯಾವ ತೋಟದಲ್ಲಿದೆ ಅನ್ನೋ ಅರಣ್ಯ ಇಲಾಖೆಯ ಸಂದೇಶ ಬರೋದು ಮೊಬೈಲಿಗೆ. ಬೆಳಿಗ್ಗೆ ಕೆಲಸಕ್ಕೆ ಹೊರಡೋ ಮುಂಚೆ ಆ ಸಂದೇಶ ನೋಡಬೇಕು. ಫೋನ್ ಸತ್ತಿದ್ದರೆ ಆನೆ ಎದುರಿಗೆ ಹೋಗಿ ನಿಂತ ಮೇಲೇ ಗೊತ್ತಾಗೋದು. ಈ ಎರಡು ತಾಲೂಕಿನಲ್ಲಿ ಆನೆಗೆ ಸಿಕ್ಕಿ ಸತ್ತವರ ಮನೆಗಳು ಎಷ್ಟಿವೆ ಅಂತ ಇಲ್ಲಿಯವರಿಗೆ ಗೊತ್ತು. ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆ ಜೊತೆ ಕಾದಾಡಿ ಸತ್ತಿದ್ದೂ ಇದೇ ಸಕಲೇಶಪುರ ತಾಲೂಕಿನ ಯಸಳೂರು ವಲಯದಲ್ಲಿ. ಇಲ್ಲಿ ಹೆಡ್ ಟಾರ್ಚ್ ಶೋಕಿಯ ವಸ್ತು ಆಗಲು ಸಾಧ್ಯವೇ ಇಲ್ಲ.

ಹಾಗಾಗಿ ಬ್ಯಾಟರಿ ಬಂದಿದೆ, ಬರುತ್ತಲೇ ಇದೆ. ಬೆನ್ನಿಗೆ ಹಾಕೋ ಸ್ಪ್ರೇಯರ್, ಕೊಂಬೆ ಸವರೋ ಕತ್ತರಿ, ಮರ ಕೊಯ್ಯೋ ಗರಗಸ, ಪಂಚಾಯಿತಿಯವರು ನೆಟ್ಟ ಸೋಲಾರ್ ಕಂಬ, ಗೇಟಿನ ಕ್ಯಾಮೆರಾ, ವೈಫೈ ಪೆಟ್ಟಿಗೆಗೊಂದು ಪುಟ್ಟ ಯುಪಿಎಸ್, ಹೋಮ್‌ಸ್ಟೇಗಳಿಗೆ ಲಿಥಿಯಂ ಇನ್ವರ್ಟರ್, ಪೇಟೆಯಲ್ಲಿ ಓಡಾಡೋ ಸ್ಕೂಟರ್, ಲೈನ್ ಮನೆಯಲ್ಲಿ ಇರೋ ಪ್ರತಿ ಕೆಲಸಗಾರನ ಕೈಯಲ್ಲೊಂದು ಫೋನ್. ವೀಕೆಂಡಿಗೆ ಬರುವ ನೀವೂ ಪವರ್ ಬ್ಯಾಂಕ್, ಡ್ರೋನ್, ಬ್ಲೂಟೂತ್ ಸ್ಪೀಕರ್ ಹೊತ್ತು ತರುತ್ತೀರಿ. ಇವೆಲ್ಲಕ್ಕೂ ಆಯಸ್ಸು ಅಂತ ಒಂದಿದೆ. ಮೂರು ವರ್ಷವೋ, ಐದು ವರ್ಷವೋ, ಒಳ್ಳೆಯದಾದರೆ ಎಂಟೋ. ಆಮೇಲೆ? ಹುಟ್ಟುವಾಗ ಬಾರ್‌ಕೋಡ್, ಬಿಲ್ಲು, ವಾರಂಟಿ ಕಾರ್ಡು ಎಲ್ಲ ಇದ್ದ ಬ್ಯಾಟರಿ ಸಾಯುವಾಗ ಅನಾಥ ಹೆಣ.

ಅನಾಥ ಹೆಣವಾದರೂ ಸುಮ್ಮನೆ ಬಿದ್ದಿರುತ್ತೆ. ಇದು ಸುಮ್ಮನಿರಲ್ಲ. ಲಿಥಿಯಂ ಅಯಾನ್ ಬ್ಯಾಟರಿ "ಸತ್ತಿದೆ" ಅಂದರೆ ಗಾಡಿ ಓಡಿಸುವಷ್ಟು ಶಕ್ತಿ ಉಳಿದಿಲ್ಲ ಅಂತ ಅರ್ಥ, ಬೆಂಕಿ ಹಚ್ಚುವಷ್ಟು ಧಾರಾಳವಾಗಿ ಉಳಿದಿರುತ್ತೆ. ಒಳಗೆ ಎರಡು ಪದರದ ಮಧ್ಯೆ ಕಾಗದಕ್ಕಿಂತ ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆ ಇದೆ. ಅದು ಹರಿದರೆ, ಜಜ್ಜಿದರೆ, ಒಳಗೇ ಶಾರ್ಟ್ ಆಗುತ್ತೆ. ಒಂದು ಸೆಲ್ ಕಾಯುತ್ತೆ, ಆ ಕಾವಿಗೆ ಪಕ್ಕದ್ದು ಕಾಯುತ್ತೆ, ಹೀಗೆ ಸರಪಳಿ. ಒಳಗಿರುವ ದ್ರವ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುವಂಥದ್ದು. ಅದರಲ್ಲಿ ಕರಗಿಸಿರೋ ಫ್ಲೋರಿನ್ ಇರುವ ಲವಣಕ್ಕೆ ತೇವ ತಾಗಿದರೆ ಹೈಡ್ರೋಜನ್ ಫ್ಲೋರೈಡ್ ಅನ್ನೋ ವಿಷಾನಿಲ ಬರುತ್ತೆ, ಶ್ವಾಸಕೋಶ ಸುಡುವಂಥದ್ದು. ಆರಿತು ಅಂತ ಮನೆಗೆ ಹೋದ ಮೇಲೆ, ಗಂಟೆಗಟ್ಟಲೆ ಬಿಟ್ಟು, ಕೆಲವೊಮ್ಮೆ ದಿನ ಬಿಟ್ಟು ಮತ್ತೆ ಹತ್ತಿಕೊಳ್ಳುವುದು ಇದರ ಇನ್ನೊಂದು ಗುಣ. ಎಲ್‌ಎಫ್‌ಪಿ ಅನ್ನೋ ಜಾತಿ ಸ್ವಲ್ಪ ಸಾಧು ಸ್ವಭಾವದ್ದು ನಿಜ. ಆದರೆ ಜಜ್ಜಿಸಿಕೊಂಡರೆ ಅದೂ ಸುಡುವ ಅನಿಲ ಕಾರುತ್ತೆ.

ಈಗ ಇದನ್ನು ಮಲೆನಾಡಿನ ಜೂನ್, ಜುಲೈ ತಿಂಗಳಿಗೆ ತಂದಿಡಿ. ಚಪ್ಪಲಿಗೂ ಬೂಸ್ಟು ಹಿಡಿಯುವ ತೇವ. ಪ್ಯಾಕಿನ ತುದಿಗಳಿಗೆ ತುಕ್ಕು, ಒಳಗಿನ ಸರ್ಕ್ಯೂಟಿಗೆ ನೀರು. ಗುಡ್ಡದಂತೆ ಪೇರಿಸಿದ ಗುಜರಿಯಲ್ಲಿ ಮೇಲಿಂದ ಒಂದು ಕಬ್ಬಿಣದ ತುಂಡು ಬಿದ್ದರೆ ಸಾಕು.

ಇದಕ್ಕೆ ಮೊದಲು ಕೈ ಒಡ್ಡುವವರು ಯಾರು ಗೊತ್ತಾ? ಗ್ರಾಮ ಪಂಚಾಯಿತಿಗಳ ಸ್ವಚ್ಛ ಸಂಕೀರ್ಣದಲ್ಲಿ ಒಣ ಕಸ ಬೇರೆ ಮಾಡುವ ಹೆಂಗಸರು. ಸ್ತ್ರೀಶಕ್ತಿ, ಸಂಜೀವಿನಿ ಸಂಘದವರು. ಊರಿನ ಚಿಪ್ಸ್ ಪ್ಯಾಕೆಟ್ಟಿನ ಜೊತೆಗೆ ಊದಿಕೊಂಡ ಮೊಬೈಲ್ ಬ್ಯಾಟರಿಯೂ ಅದೇ ಚೀಲದಲ್ಲಿ ಬರುತ್ತೆ. ಅವರು ಅದನ್ನು ಬರಿಗೈಯಲ್ಲೋ, ತೆಳು ಗ್ಲೌಸ್ ಹಾಕಿಕೊಂಡೋ ಎತ್ತಿ ಪಕ್ಕಕ್ಕಿಡುತ್ತಾರೆ. ಒಣ ಪ್ಲಾಸ್ಟಿಕ್, ರಟ್ಟು ಒತ್ತಿ ಕಟ್ಟಿದ ಹೊರೆಗಳ ಪಕ್ಕಕ್ಕೆ. ಎರಡನೆಯವರು ಗುಜರಿ ಅಂಗಡಿಯ ಹುಡುಗರು, ತಾಮ್ರ ಸಿಗುತ್ತೇನೋ ಅಂತ ಸುತ್ತಿಗೆಯಲ್ಲಿ ಪ್ಯಾಕ್ ಒಡೆಯುವವರು. ಮೂರನೆಯವರು ಅಗ್ನಿಶಾಮಕ ದಳದವರು. ಬೆಂಕಿ ಬಿತ್ತು ಅಂತ ಫೋನ್ ಬಂದಾಗ ಆ ಶೆಡ್ಡಿನಲ್ಲಿ ಏನಿದೆ ಅಂತ ಅವರಿಗೆ ಹೇಳುವವರೇ ಇಲ್ಲ. ಬ್ಯಾಟರಿ ಬೆಂಕಿಗೆ ನೀರು ಧಾರಾಳವಾಗಿ ಸುರಿಯಬೇಕು, ತಂಪಾಗುವವರೆಗೂ ಸುರಿಯಬೇಕು. ಆ ನೀರು ಎಲ್ಲಿಗೆ ಹೋಗುತ್ತೆ?

ಇಲ್ಲಿಗೆ ಬಂದಾಗ ಇದು ಬರೀ ಸಕಲೇಶಪುರದ ಸಮಸ್ಯೆ ಆಗಿ ಉಳಿಯಲ್ಲ. ಭೂಪಟ ತೆಗೆದು ನೋಡಿ. ಈ ತಾಲೂಕು ನೀರಿನ ನೆತ್ತಿ. ಹೇಮಾವತಿ ಪೇಟೆಯನ್ನು ಸವರಿಕೊಂಡೇ ಹರಿದು ಗೊರೂರು ಜಲಾಶಯ ಸೇರುತ್ತಾಳೆ, ಅಲ್ಲಿಂದ ನಾಲೆಯಲ್ಲಿ ತುಮಕೂರಿನವರೆಗೂ ಹೋಗುತ್ತಾಳೆ, ಉಳಿದದ್ದು ಕಾವೇರಿ ಸೇರುತ್ತೆ. ಗುಡ್ಡದ ಆ ಮಗ್ಗುಲಲ್ಲಿ ಬಿದ್ದ ಮಳೆ ಕೆಂಪುಹೊಳೆಯಾಗಿ, ಕುಮಾರಧಾರೆ ಸೇರಿ, ನೇತ್ರಾವತಿಯಾಗಿ ಮಂಗಳೂರಿಗೆ ಇಳಿಯುತ್ತೆ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾದ ಎತ್ತಿನಹೊಳೆ ಯೋಜನೆ ಇದೇ ತಾಲೂಕಿನ ಹಳ್ಳಗಳ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಳಿಸಲು ಹೊರಟಿರುವುದು. ಎರಡು ಸಮುದ್ರಕ್ಕೆ ನೀರು ಹಂಚುವ ಊರಿನಲ್ಲಿ ವಿಷವನ್ನು ಎಲ್ಲಿ ಬೇಕಾದರೂ "ಇಟ್ಟು ಹೋಗಿ" ಅನ್ನೋ ವ್ಯವಸ್ಥೆ ನಡೆಸುತ್ತಿದ್ದೇವೆ. ನೀರು ಬೇಕು ಅನ್ನುವಾಗ ಸಾವಿರಾರು ಕೋಟಿ ಹುಟ್ಟುತ್ತೆ. ನೀರಿನ ಮೂಲದಲ್ಲಿ ಒಂದು ಒಣ ಶೆಡ್ ಕಟ್ಟೋಕೆ ಕಾಸಿಲ್ಲ!

ಸರಿ, ಕಾನೂನು ಏನನ್ನುತ್ತೆ? 2022ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ತಂದಿತು. ಅದಕ್ಕೂ ಮುಂಚೆ ಇದ್ದ 2001ರ ನಿಯಮ ಸೀಸದ ಬ್ಯಾಟರಿಗೆ ಮಾತ್ರ ಸಂಬಂಧಿಸಿದ್ದು. ಹೊಸದರಲ್ಲಿ ಮೊಬೈಲಿನಿಂದ ಹಿಡಿದು ಎಲೆಕ್ಟ್ರಿಕ್ ಬಸ್ಸಿನವರೆಗೆ ಎಲ್ಲ ಬ್ಯಾಟರಿಯೂ ಬಂತು. ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ, ಅಂದರೆ ಇಪಿಆರ್, ಅದರ ಬೆನ್ನೆಲುಬು: ಮಾರಿದವನೇ ವಾಪಸ್ ಪಡೆದು ಮರುಬಳಕೆ ಮಾಡಿಸಬೇಕು. ಮೊಬೈಲ್ ಮತ್ತು ವಾಹನಗಳ ಲಿಥಿಯಂ ಬ್ಯಾಟರಿಯಿಂದ 2024-25ರಲ್ಲಿ ಶೇ. 70, 2025-26ರಲ್ಲಿ ಶೇ. 80, 2026-27ರಿಂದ ಶೇ. 90ರಷ್ಟು ವಸ್ತು ಹೊರತೆಗೆಯಬೇಕು. ಓದಿದರೆ ಚಪ್ಪಾಳೆ ತಟ್ಟಬೇಕು ಅನ್ನಿಸುತ್ತೆ.

ತಟ್ಟುವ ಮುಂಚೆ ಒಂದು ಪ್ರಶ್ನೆ: ಈ ಶೇ. 90 ಯಾವುದರ ಶೇ. 90? ಕಾರ್ಖಾನೆಗೆ ಬಂದ ಬ್ಯಾಟರಿಯ ಶೇ. 90. ಆಲೂರಿನ ಮೂಲೆಯಲ್ಲಿ ಉಳಿದುಹೋದ ಬ್ಯಾಟರಿ ಈ ಲೆಕ್ಕದ ಒಳಗೇ ಇಲ್ಲ. ಪರೀಕ್ಷೆಗೆ ಬಂದವರಲ್ಲಿ ಮಾತ್ರ ಶೇಕಡಾವಾರು ಫಲಿತಾಂಶ ತೆಗೆದು, ಶಾಲೆಗೇ ಬಾರದವರನ್ನು ಮರೆತ ಹಾಗೆ.

ಸಂಗ್ರಹಕ್ಕೂ ಗುರಿ ಇದೆ, ಒಪ್ಪೋಣ. ಆದರೆ ಆ ಗುರಿ ಇಡೀ ದೇಶಕ್ಕೆ ಒಂದೇ. ಕಂಪನಿಯೊಂದು ತನ್ನ ಪಾಲಿನ ಕಿಲೋಗಳನ್ನು ಎಲ್ಲಿಂದ ತಂದರೂ ಲೆಕ್ಕಕ್ಕೆ ಸರಿ. ಬೇಡವಾದರೆ ಮರುಬಳಕೆದಾರರಿಂದ ಇಪಿಆರ್ ಸರ್ಟಿಫಿಕೇಟ್ ಕೊಂಡರೂ ಸರಿ. ಈಗ ನೀವೇ ಆ ಕಂಪನಿಯ ಮ್ಯಾನೇಜರ್ ಅಂದುಕೊಳ್ಳಿ. ಪೀಣ್ಯದಲ್ಲಿ ಒಂದೇ ಗೇಟಿನಲ್ಲಿ ಟನ್ನುಗಟ್ಟಲೆ ಸಿಗುವಾಗ, ಹೆತ್ತೂರಿಗೆ, ಬಿಸಿಲೆಗೆ, ಪಾಳ್ಯಕ್ಕೆ ಗಾಡಿ ಕಳಿಸಿ ಹತ್ತು ಕಿಲೋ ತರಿಸುತ್ತೀರಾ? ತರಿಸಿದರೆ ನಿಮ್ಮ ಬಾಸ್ ನಿಮಗೆ ಅಪ್ರೈಸಲ್‌ನಲ್ಲಿ ಏನು ಕೊಡುತ್ತಾರೆ? ನಿಮ್ಮದು ತಪ್ಪಲ್ಲ, ನಿಯಮ ಬರೆದಿರೋದೇ ಹಾಗೆ. ಮಾರುವಾಗ ಅಮೆಜಾನ್ ಡಬ್ಬ ಬಿಸಿಲೆ ಘಾಟಿ ಹತ್ತುತ್ತೆ, ವಾಪಸ್ ಪಡೆಯುವಾಗ ಮಾತ್ರ ಕಂಪನಿಗೆ ಘಾಟಿ ಕಡಿದಾಗಿ ಕಾಣುತ್ತೆ.

ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ಕಾನೂನಿನಲ್ಲಿ ಈ ಕಳ್ಳದಾರಿಯನ್ನು ಮೊದಲೇ ಮುಚ್ಚಿದ್ದಾರೆ. ಸಂಗ್ರಹ ಜಾಲ ಇಡೀ ದೇಶವನ್ನು ಆವರಿಸಬೇಕು, ಲಾಭ ಬರುವ ಪ್ರದೇಶಕ್ಕೆ ಮಾತ್ರ ಸೀಮಿತ ಆಗಕೂಡದು ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ನಮ್ಮಲ್ಲಿ ಬೇಕಿರೋದು ಅಂಥದೇ ಒಂದು ವಾಕ್ಯ. ಒಂದೇ ಒಂದು ವಾಕ್ಯ.

ಇನ್ನೊಂದು ತಮಾಷೆ ನೋಡಿ. ನಮ್ಮ ನಿಯಮದಲ್ಲಿ ಗ್ರಾಹಕನಿಗೆ ಕರ್ತವ್ಯ ಇದೆ: ಹಳೇ ಬ್ಯಾಟರಿಯನ್ನು ಬೇರೆ ಕಸದ ಜೊತೆ ಸೇರಿಸಬಾರದು, ಸಂಗ್ರಹಿಸುವವರಿಗೋ ಮರುಬಳಕೆ ಮಾಡುವವರಿಗೋ ಕೊಡಬೇಕು. ಸಂಗ್ರಹಿಸಿ ಇಟ್ಟುಕೊಳ್ಳುವವರು ಪರಿಸರಕ್ಕೆ ಹಾನಿ ಆಗದ ಹಾಗೆ ಇಟ್ಟುಕೊಳ್ಳಬೇಕು. ಇದಕ್ಕೆಲ್ಲ "ತಕ್ಕದ್ದು" ಅನ್ನೋ ಗಟ್ಟಿ ಭಾಷೆ. ಅದೇ, ಬ್ಯಾಟರಿ ತಂದುಕೊಟ್ಟವರಿಗೆ ಠೇವಣಿ ಹಣ ವಾಪಸ್ ಕೊಡುವ ಯೋಜನೆ ಬಂದಾಗ ಭಾಷೆ ಮೆತ್ತಗಾಗುತ್ತೆ: ಉತ್ಪಾದಕರು ಅಂಥ ಯೋಜನೆ "ನಡೆಸಬಹುದು". ಆಲೂರಿನ ರೈತ ಮಾಡಲೇಬೇಕು, ಕಂಪನಿ ಮಾಡಬಹುದು! ಈ "ಬಹುದು" ಒಳಗೇ ಇಡೀ ರೋಗ ಕೂತಿದೆ.

ಯಾಕೆ ಅಂದರೆ, ಸೀಸದ ಬ್ಯಾಟರಿ ವಾಪಸ್ ಹೋಗುತ್ತಿರೋದು ಕಾನೂನಿನ ಭಯಕ್ಕಿಂತ ಹೆಚ್ಚಾಗಿ ರೇಟಿನ ಆಸೆಗೆ. ಸೋಲಾರ್ ಬೇಲಿಯ ಹಳೇ ಬ್ಯಾಟರಿ ಕೊಟ್ಟರೆ ಹೊಸದಕ್ಕೆ ದುಡ್ಡು ಕಮ್ಮಿ, ಅದು ಪ್ರತಿ ಬೆಳೆಗಾರನಿಗೂ ಗೊತ್ತು. ಲಿಥಿಯಂನಲ್ಲಿ ಕೋಬಾಲ್ಟ್, ನಿಕ್ಕಲ್ ಇರುವ ಜಾತಿಗೆ ನಗರದಲ್ಲಿ ಬೆಲೆ ಇದೆ. ಆದರೆ ಸೋಲಾರ್ ದೀಪಕ್ಕೆ, ಇನ್ವರ್ಟರಿಗೆ, ಹೊಸ ಸ್ಕೂಟರುಗಳಲ್ಲಿ ಹಲವಕ್ಕೆ ಬರುತ್ತಿರುವ ಎಲ್‌ಎಫ್‌ಪಿಯಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಕಬ್ಬಿಣ ಮತ್ತು ಫಾಸ್ಫೇಟ್. ಅದನ್ನು ಘಟ್ಟದಿಂದ ಬೆಂಗಳೂರಿಗೆ ಸಾಗಿಸುವ ಡೀಸೆಲ್ ಖರ್ಚೂ ಹುಟ್ಟಲ್ಲ. ಮಾರುಕಟ್ಟೆ ತಾನಾಗಿಯೇ ಇದನ್ನು ಎತ್ತಿಕೊಳ್ಳುತ್ತೆ ಅನ್ನೋದು ಕನಸು. ಬೆಲೆ ಇಲ್ಲದ ವಸ್ತುವಿಗೆ ಬೆಲೆ ಹುಟ್ಟಿಸಬೇಕು. ಅದಕ್ಕಿರುವ ಹಳೆಯ, ಸರಳ ಉಪಾಯವೇ ಠೇವಣಿ.

"ಅಯ್ಯೋ, ಇದೆಲ್ಲ ನಮ್ಮ ದೇಶದಲ್ಲಿ ನಡೆಯಲ್ಲ" ಅನ್ನುವವರು ಅಡುಗೆಮನೆಗೆ ಹೋಗಿ ಗ್ಯಾಸ್ ಸಿಲಿಂಡರ್ ನೋಡಿಕೊಂಡು ಬನ್ನಿ. ಸಿಲಿಂಡರಿಗೆ ಠೇವಣಿ ಕೊಟ್ಟಿದ್ದೀರಿ. ತುಂಬಿದ್ದು ತಂದ ಗಾಡಿಯಲ್ಲೇ ಖಾಲಿಯದ್ದು ವಾಪಸ್ ಹೋಗುತ್ತೆ. 100 ಕೆಜಿಗಿಂತ ಹೆಚ್ಚು ಗ್ಯಾಸ್ ಇಟ್ಟುಕೊಳ್ಳಬೇಕಾದರೆ ಪರವಾನಗಿ ಬೇಕು, ಗೋಡೌನಿಗೆ ನಿಯಮ ಇದೆ, ಊರಿನಿಂದ ದೂರ ಇರಬೇಕು. ಮಲೆನಾಡಿನ ಕಟ್ಟಕಡೆಯ ಮನೆಗೂ ಸಿಲಿಂಡರ್ ಹತ್ತಿದೆ, ಇಳಿದಿದೆ. ಖಾಲಿ ಸಿಲಿಂಡರನ್ನು ಯಾರಾದರೂ ಹಳ್ಳಕ್ಕೆ ಎಸೆದಿದ್ದು ಕಂಡಿದ್ದೀರಾ? ಬೆಂಕಿ ಹತ್ತುವ ಒಂದು ವಸ್ತುವನ್ನು ಕೋಟ್ಯಂತರ ಮನೆಗೆ ಕೊಟ್ಟು ವಾಪಸ್ ಪಡೆಯೋದು ಈ ದೇಶಕ್ಕೆ ಚೆನ್ನಾಗಿ ಗೊತ್ತು. ಬ್ಯಾಟರಿಗೆ ಮಾಡಿಲ್ಲ ಅಷ್ಟೆ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ನೀಲಗಿರಿ. ಅಲ್ಲೂ ಗುಡ್ಡ, ಅಲ್ಲೂ ಆನೆ, ಅಲ್ಲೂ ವೀಕೆಂಡ್ ಪ್ರವಾಸಿಗರು. ಕುಡಿದು ಎಸೆದ ಬಾಟಲಿಯ ಚೂರು ಆನೆಗಳ ಕಾಲಿಗೆ ಚುಚ್ಚುತ್ತಿದೆ ಅನ್ನೋ ವಿಷಯ ಮದ್ರಾಸ್ ಹೈಕೋರ್ಟಿನ ಮುಂದೆ ಬಂತು. 2022ರ ಮೇ ತಿಂಗಳಿಂದ ತಮಿಳುನಾಡು ಸರ್ಕಾರದ ಟಾಸ್ಮ್ಯಾಕ್ ಅಂಗಡಿಗಳಲ್ಲಿ ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ಅದೇ 10 ರೂಪಾಯಿ ವಾಪಸ್ ಕೊಡಲು ಶುರು ಮಾಡಿದರು. ಬಹುಪಾಲು ಬಾಟಲಿ ವಾಪಸ್ ಬಂದವು. ಯೋಜನೆ ಬೇರೆ ಜಿಲ್ಲೆಗಳಿಗೂ ಹರಡಿತು. ಕುಡಿದವರಿಗೆ ಪರಿಸರ ಪ್ರೇಮ ಹುಟ್ಟಿತು ಅಂದುಕೊಳ್ಳಬೇಡಿ. ಅವರು ಎಸೆದದ್ದನ್ನು ಆಯ್ದು ತರುವವರಿಗೆ 10 ರೂಪಾಯಿ ಕೂಲಿ ಹುಟ್ಟಿತು. ಒಂದು ಬಾಟಲಿಗೆ ಇದು ಸಾಧ್ಯ, ಸಾವಿರಾರು ರೂಪಾಯಿಯ ಬ್ಯಾಟರಿಗೆ ಅಸಾಧ್ಯ ಅಂದರೆ ನಂಬಬೇಕಾ?

ಇನ್ನು ದಾಸ್ತಾನಿನ ಮಾತು. ಇದರಲ್ಲಿ ನಾವು ಬೇರೆಯವರ ಸುಟ್ಟ ಕೈ ನೋಡಿ ಕಲಿಯಬಹುದು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮೋರಿಸ್ ಅಂತ ಒಂದು ಚಿಕ್ಕ ಊರು. ಅಲ್ಲಿನ ಪಾಳುಬಿದ್ದ ಹಳೇ ಪೇಪರ್ ಮಿಲ್ಲಿಗೆ 2021ರ ಜೂನ್ 29ರಂದು ಬೆಂಕಿ ಬಿತ್ತು. ಒಳಗೆ ಸುಮಾರು 100 ಟನ್ ಬ್ಯಾಟರಿ ಪೇರಿಸಿಟ್ಟಿದ್ದರು. ಊರಿನ ಅಗ್ನಿಶಾಮಕ ದಳಕ್ಕೆ ಅಲ್ಲಿ ಬ್ಯಾಟರಿ ಇದೆ ಅನ್ನೋದೇ ಗೊತ್ತಿರಲಿಲ್ಲ. ಸಾವಿರಾರು ಜನರನ್ನು ಮನೆ ಬಿಡಿಸಿದರು. ಕೊನೆಗೆ 28 ಟನ್ ಸಿಮೆಂಟ್ ಸುರಿದು ಬೆಂಕಿಯ ಉಸಿರು ಕಟ್ಟಿಸಲು ಒದ್ದಾಡಿದರು. ಅಷ್ಟು ಅನುಕೂಲ ಇರುವ ದೇಶದ ಸಣ್ಣ ಊರಿನ ಗತಿ ಅದು.

ನಮ್ಮ ಕಡೆ ಬನ್ನಿ. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿಗೆ ಬಿದ್ದ ಬೆಂಕಿಯ ಹೊಗೆ ಮೇಲಿದ್ದ ಹೋಟೆಲಿಗೆ ನುಗ್ಗಿ 8 ಜನ ಸತ್ತರು. 2024ರ ನವೆಂಬರ್ 19ರಂದು ಬೆಂಗಳೂರಿನ ರಾಜ್‌ಕುಮಾರ್ ರಸ್ತೆಯ ಶೋರೂಮಿನಲ್ಲಿ ಕೆಲಸಕ್ಕಿದ್ದ 20ರ ಹುಡುಗಿಯೊಬ್ಬಳು ಒಳಗೇ ಸುಟ್ಟುಹೋದಳು. ಕಿಡಿ ಎಲ್ಲಿಂದ ಹುಟ್ಟಿತು ಅನ್ನೋದು ತನಿಖೆಗೆ ಬಿಟ್ಟ ವಿಷಯ. ನಾನು ಹೇಳೋದು ಇಷ್ಟೇ: ಅವು ಬಿಲ್ಲು, ಲೈಸೆನ್ಸು ಇದ್ದ ಜಾಗಗಳು, ಮಹಾನಗರದ ನಡುವಿನವು. 2022ರಲ್ಲಿ ಸ್ಕೂಟರುಗಳು ಸಾಲಾಗಿ ಹೊತ್ತಿ ಉರಿದ ಮೇಲೆ ಸರ್ಕಾರ ಎಐಎಸ್ 156 ಅನ್ನೋ ಸುರಕ್ಷತಾ ಮಾನದಂಡವನ್ನು ಬಿಗಿ ಮಾಡಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್, ಹೀಗೆ ಎರಡು ಹಂತದಲ್ಲಿ ಜಾರಿಗೆ ತಂದಿತು. ಬದುಕಿರುವ ಬ್ಯಾಟರಿಗೆ ಅಷ್ಟು ಪರೀಕ್ಷೆ. ಅದೇ ಬ್ಯಾಟರಿ ಮುದಿಯಾಗಿ, ಊದಿಕೊಂಡು, ಬಿರುಕು ಬಿಟ್ಟ ಮೇಲೆ, ಅಂದರೆ ನಿಜಕ್ಕೂ ಅಪಾಯ ಹೆಚ್ಚಾದ ಮೇಲೆ, ಅದನ್ನು ಗೋಣಿಚೀಲದಲ್ಲಿ ಕಟ್ಟಿ ಎಲ್ಲಿ ಬೇಕಾದರೂ ಇಡಬಹುದು. ಇದು ಯಾವ ನ್ಯಾಯ ಮಾರಾಯ್ರೆ?

ಹಾಗಾದರೆ ಏನು ಮಾಡಬೇಕು? ನನ್ನ ಪಟ್ಟಿ ಉದ್ದವಿಲ್ಲ.

ಮೊದಲನೆಯದು, "ಬಹುದು" ಹೋಗಿ "ಲೇಬೇಕು" ಬರಲಿ. ಪ್ರತಿ ಲಿಥಿಯಂ ಪ್ಯಾಕಿಗೂ ಠೇವಣಿ. ಯಾವ ಬ್ರ್ಯಾಂಡ್ ಆದರೂ, ಬಿಲ್ಲು ಇರಲಿ ಬಿಡಲಿ, ತಂದುಕೊಟ್ಟವರ ಕೈಗೆ ದುಡ್ಡು. ಬಿಲ್ಲು ಕೇಳಿದರೆ ಯೋಜನೆ ಅಲ್ಲಿಗೇ ಸತ್ತಂತೆ, ಯಾಕಂದರೆ ಲೈನ್ ಮನೆಯ ಕೆಲಸಗಾರ ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಫೋನು.

ಎರಡನೆಯದು, ಸಂಗ್ರಹದ ಗುರಿ ತಾಲೂಕುವಾರು ಆಗಲಿ. ಸಕಲೇಶಪುರದಲ್ಲಿ ಮಾರಿದ್ದಕ್ಕೆ ಸಕಲೇಶಪುರದಲ್ಲೇ ಒಂದು ಬಾಗಿಲು ತೆರೆದಿರಲಿ. ಪೀಣ್ಯದ ಕಿಲೋ ತೋರಿಸಿ ಘಟ್ಟದ ಸಾಲ ತೀರಿಸುವಂತಿಲ್ಲ.

ಮೂರನೆಯದು, ದಾಸ್ತಾನಿಗೆ ಮಿತಿ ಮತ್ತು ದಿನಾಂಕ. ಗ್ಯಾಸಿಗೆ 100 ಕೆಜಿ ಅನ್ನೋ ಗೆರೆ ಇದ್ದ ಹಾಗೆ ಗುಜರಿ ಅಂಗಡಿಗೂ, ಸ್ವಚ್ಛ ಸಂಕೀರ್ಣಕ್ಕೂ ಕೆಜಿಯ ಒಂದು ಗೆರೆ. ಅದು ಮೀರುವ ಮುಂಚೆ ತಾಲೂಕಿನ ಒಂದೇ ಒಂದು ಶೆಡ್ಡಿಗೆ ಹೋಗಬೇಕು. ಆ ಶೆಡ್ ಎತ್ತರದ ನೆಲದ ಮೇಲೆ, ಹಳ್ಳದಿಂದ, ಮನೆಗಳಿಂದ ದೂರ, ಸೋರದ ಸೂರು, ಗಾಳಿಯಾಡುವ ಗೋಡೆ. ಊದಿದ್ದು, ಒಡೆದಿದ್ದು ಬೇರೆ ಕಡೆ ಮರಳು ತುಂಬಿದ ಡ್ರಮ್ಮಿನಲ್ಲಿ. ಎಲ್ಲ ಪ್ಯಾಕಿನ ತುದಿಗೂ ಟೇಪು. ಪ್ರತಿ ವರ್ಷ ಮುಂಗಾರು ಹಿಡಿಯುವ ಮುಂಚೆ, ಮೇ ಕೊನೆಯೊಳಗೆ, ಶೆಡ್ ಪೂರ್ತಿ ಖಾಲಿ ಆಗಬೇಕು. ಜುಲೈನಲ್ಲಿ ಶಿರಾಡಿ ಘಾಟಿ ಕುಸಿದು ರಸ್ತೆಯೇ ಬಂದ್ ಆದಾಗ ಈ ಸರಕು ಹೊತ್ತ ಲಾರಿ ಘಾಟಿಯಲ್ಲಿ ಸಿಕ್ಕಿಕೊಳ್ಳಬಾರದು. ಇಷ್ಟೆಲ್ಲ ಸೂಕ್ಷ್ಮ ದೆಹಲಿಯಲ್ಲಿ ಬರೆಯುವವರಿಗೆ ಹೊಳೆಯಲ್ಲ, ಹೊಳೆಯಬೇಕು ಅಂತಲೂ ಇಲ್ಲ. ಹಾಸನದಲ್ಲೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಇದೆ. ಅವರು ಬರೆಯಲಿ.

ನಾಲ್ಕನೆಯದು, ಯಾವ ಶೆಡ್ಡಿನಲ್ಲಿ ಎಷ್ಟಿದೆ ಅನ್ನೋ ಒಂದು ಹಾಳೆ ಪ್ರತಿ ತಿಂಗಳು ಅಗ್ನಿಶಾಮಕ ಠಾಣೆಗೆ. ಒಂದು ಹಾಳೆ. ಮೋರಿಸ್‌ನಲ್ಲಿ ಇಲ್ಲದೇ ಹೋದದ್ದು ಅದೊಂದೇ ಹಾಳೆ.

ಈಗ ಆಕ್ಷೇಪಗಳು. "ಗುಜರಿಯವರ ಹೊಟ್ಟೆ ಮೇಲೆ ಹೊಡೀತೀರಾ?" ಅಂತ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಇನ್ಸ್‌ಪೆಕ್ಟರ್ ರಾಜ್ಯ ಬಂದರೆ ಮೊದಲು ಮಾಮೂಲಿ ಕೊಡಬೇಕಾದವರು ಅವರೇ. ಆದ್ದರಿಂದಲೇ ನಾನು ನಿಷೇಧ ಕೇಳುತ್ತಿಲ್ಲ. ಈಗ ಲಿಥಿಯಂ ಪ್ಯಾಕಿಗೆ ಅವರಿಗೆ ಸಿಗುತ್ತಿರೋದು ಸೊನ್ನೆ, ಜೊತೆಗೆ ಬೆಂಕಿಯ ಭಯ. ಠೇವಣಿ ಬಂದರೆ ಪ್ರತಿ ಕಿಲೋಗೂ ಕಮಿಷನ್ ಸಿಗುತ್ತೆ. ಊರೂರು ಸುತ್ತಿ ಮೂಲೆ ಮೂಲೆಯಿಂದ ವಸ್ತು ತರುವ ವಿದ್ಯೆ ಅವರಿಗಿರುವಷ್ಟು ಯಾವ ಸ್ಟಾರ್ಟಪ್ಪಿಗೂ ಇಲ್ಲ. ಅವರನ್ನು ನೋಂದಣಿ ಮಾಡಿ, ತರಬೇತಿ ಕೊಟ್ಟು, ದುಡ್ಡು ಕೊಡಿ. ಸ್ವಚ್ಛ ಸಂಕೀರ್ಣದ ಹೆಂಗಸರಿಗೂ ಅದೇ ದರ.

"ಇಷ್ಟು ಸಣ್ಣ ತಾಲೂಕಿನಲ್ಲಿ ಎಷ್ಟು ಬ್ಯಾಟರಿ ಇದ್ದೀತು?" ಅನ್ನುವವರಿಗೆ: ಅದಕ್ಕೇ ಈಗಲೇ ಮಾಡೋದು ಸುಲಭ. ಇವತ್ತು ರಸ್ತೆಗೆ ಇಳಿಯುತ್ತಿರುವ ಸ್ಕೂಟರ್ ಸಾಯುವುದು ಐದಾರು ವರ್ಷ ಬಿಟ್ಟು. ಸಾಯುವವರ ಸಾಲು ಹೊರಟಿದೆ, ಬಾಗಿಲಿಗೆ ಇನ್ನೂ ಬಂದಿಲ್ಲ. ಪ್ಲಾಸ್ಟಿಕ್ ವಿಷಯದಲ್ಲಿ ಬಾಗಿಲಿಗೆ ಬಂದ ಮೇಲೆ ಎದ್ದು ಕೂತೆವು. ಈಗ ಹೇಮಾವತಿ ದಂಡೆ ನೋಡಿದರೆ ಫಲ ಕಾಣುತ್ತೆ.

"ಬೆಲೆ ಏರುತ್ತೆ" ಅನ್ನುವವರಿಗೆ: ಠೇವಣಿ ಬೆಲೆ ಅಲ್ಲ, ಅದು ನಿಮ್ಮದೇ ದುಡ್ಡು, ವಾಪಸ್ ಬರುತ್ತೆ. ಬಾರದೇ ಹೋಗುವುದು ಎಸೆದವರಿಗೆ ಮಾತ್ರ.

ನನಗೆ ನಗು ತರಿಸೋದು ಇನ್ನೊಂದು ವಿಷಯ. ಮಂಡ್ಯದ ಮರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತು ಅಂದಾಗ ಟೀವಿಗಳು ಕುಣಿದವು. ಮೊದಲು 14,100 ಟನ್ ಅಂದರು, ಆಮೇಲೆ ಸರ್ಕಾರವೇ ಹೇಳಿದ ಅಂದಾಜು 1,600 ಟನ್. 2024ರ ಜನವರಿಯಲ್ಲಿ ನಮ್ಮ ಸರ್ಕಾರಿ ಕಂಪನಿ ಕಾಬಿಲ್ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದವರೆಗೂ ಹೋಗಿ ಐದು ಬ್ಲಾಕ್ ಹುಡುಕಾಟಕ್ಕೆ ಸಹಿ ಹಾಕಿ ಬಂತು. ಭೂಮಿಯ ಆ ತುದಿಯಲ್ಲಿ ನೆಲ ಕೊರೆದು ತರುವ ಲೋಹ, ಇಲ್ಲಿ ಗುಜರಿಯ ಮೂಲೆಯಲ್ಲಿ ಮಳೆಗೆ ನೆನೆಯುತ್ತಿದೆ. ಎಲ್‌ಎಫ್‌ಪಿಯಲ್ಲಿ ಕೋಬಾಲ್ಟ್ ಇಲ್ಲದಿರಬಹುದು, ಲಿಥಿಯಂ ಇದ್ದೇ ಇದೆ. ತಾಮ್ರ, ಅಲ್ಯೂಮಿನಿಯಂ, ಗ್ರಾಫೈಟ್ ಇದೆ. ಸಮುದ್ರ ದಾಟುವ ಉತ್ಸಾಹದಲ್ಲಿ ನೂರರಲ್ಲಿ ಒಂದು ಪಾಲು ಸಕಲೇಶಪುರದ ಘಾಟಿ ಹತ್ತಲು ಇಟ್ಟಿದ್ದರೆ ಸಾಕಿತ್ತು.

ಕೊನೆಯದಾಗಿ ನಿಮಗೆ, ಅಂದರೆ ಈ ಬರಹ ಓದುವ ಬೆಂಗಳೂರಿನ ಗೆಳೆಯ ಗೆಳತಿಯರಿಗೆ. "ನಿಮ್ಮ ಹಳೇ ಪವರ್ ಬ್ಯಾಂಕ್ ಜೋಪಾನವಾಗಿ ವಾಪಸ್ ತನ್ನಿ" ಅಂತ ಉಪದೇಶ ಮಾಡಲ್ಲ, ಅದು ನಿಮಗೇ ಗೊತ್ತು. ನಿಮ್ಮಲ್ಲಿ ಎಷ್ಟೋ ಜನ ಈ ಗಾಡಿ ಮಾಡುವ, ಈ ಆ್ಯಪ್ ಬರೆಯುವ, ಈ ಪ್ಯಾಕ್ ವಿನ್ಯಾಸ ಮಾಡುವ ಕಂಪನಿಗಳಲ್ಲೇ ಇದ್ದೀರಿ. ಬ್ಯಾಟರಿಯಲ್ಲಿ ಎಷ್ಟು ಪರ್ಸೆಂಟ್ ಇದೆ, ಅದರ ಆರೋಗ್ಯ ಹೇಗಿದೆ, ಗಾಡಿ ಯಾವ ತಿರುವಿನಲ್ಲಿ ನಿಂತಿದೆ, ಎಲ್ಲ ನಿಮ್ಮ ಸ್ಕ್ರೀನಿಗೆ ಬರುತ್ತೆ. ದೋಣಿಗಾಲ್‌ನಲ್ಲಿ ಚಾರ್ಜ್ ಮುಗಿದರೆ ಹತ್ತಿರದ ಚಾರ್ಜರ್ ಎಲ್ಲಿದೆ ಅಂತ ನಿಮ್ಮ ನಕ್ಷೆ ಹೇಳುತ್ತೆ. ಅದೇ ನಕ್ಷೆಯಲ್ಲಿ "ಸತ್ತ ಬ್ಯಾಟರಿ ಇಲ್ಲಿ ಕೊಡಿ" ಅನ್ನೋ ಒಂದು ಚುಕ್ಕೆ ಆಲೂರಿನಲ್ಲಿ ಯಾಕಿಲ್ಲ? ಸೋಮವಾರದ ಮೀಟಿಂಗಿನಲ್ಲಿ ಇದನ್ನು ಕೇಳಿ. ಬಜೆಟ್ ಇಲ್ಲ ಅಂತಾರೆ. ಕಾನೂನು ಕೇಳಿಲ್ಲ ಅಂತಾರೆ. ಎರಡನೆಯ ಮಾತು ನಿಜ. ಅದಕ್ಕೇ ಕಾನೂನು ಬದಲಾಗಬೇಕು, ಅದಕ್ಕೇ ನಿಮ್ಮ ಶಾಸಕರಿಗೆ, ಸಂಸದರಿಗೆ, ಕರಡು ನಿಯಮ ಬಂದಾಗ ಸಚಿವಾಲಯಕ್ಕೆ ನೀವು ಬರೆಯಬೇಕು. ಇಂಗ್ಲಿಷಿನಲ್ಲಿ ಬರೆಯೋ ಶಕ್ತಿ ನಿಮಗಿದೆ, ಸ್ವಚ್ಛ ಸಂಕೀರ್ಣದಲ್ಲಿ ಬ್ಯಾಟರಿ ಎತ್ತಿಡುವ ಹೆಂಗಸಿಗೆ ಇಲ್ಲ.

ಬ್ಯಾಟರಿಯನ್ನು ಘಟ್ಟದ ಕೊನೆಯ ಮನೆಯವರೆಗೂ ಹತ್ತಿಸಿ ಮಾರಿದವರಿಗೆ ಆ ಮನೆಯ ದಾರಿ ಗೊತ್ತು. ಅದೇ ದಾರಿಯಲ್ಲಿ ವಾಪಸ್ ಇಳಿಸೋದೂ ಅವರ ಕೆಲಸ ಅಂತ ಬರೆದಿಡಿ. "ಬಹುದು" ಅನ್ನೋ ಪದವನ್ನು ಮಾತ್ರ ಹೊಡೆದು ಹಾಕಿ.